ಮಾನಿಟರಿನಲ್ಲಿ ಉಳಿದುಕೊಂಡ ಬೀರೋಬಾ

ಹೊಸ ಮಾನಿಟರ್ ಜೋಡಿಸಲು ಬಂದ ಅಂಗಡಿಯವರು ಮೊದಲು ಅದರ ಬೆಳಕು ಇಳಿಸಿದರು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಆರುವಂತೆ ಮಾಡಿದರು. "ತಾಯಿ, ಏಕಚ್ ಫೋಟೊ ಲಾವೂನ್ ಠೇವೂ ನಕಾ," ಒಂದೇ ಫೋಟೊ ಹಾಕಿಡಬೇಡಿ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅದರ ನೆರಳು ಪರದೆಯೊಳಗೇ ಕೂತುಬಿಡುತ್ತದಂತೆ. ಗೋಡೆಯ ಸ್ವಿಚ್ಚನ್ನೂ ಆರಿಸಬಾರದು, ಕೆಲಸ ಮುಗಿದ ಮೇಲೆ ಪರದೆ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದಂತೆ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. ಸೋಲಾಪುರದ ಚಾದರಗಳಿಗೆ ಅಂಚು, ಹೂವು ಬರೆದುಕೊಡುವುದು ನನ್ನ ಕೆಲಸ. ಪರದೆಯ ಬಣ್ಣ ಸುಳ್ಳು ಹೇಳಿದರೆ ಮಗ್ಗದ ಮೇಲೆ ಇಡೀ ಚಾದರವೇ ಕೆಡುತ್ತದೆ.

ಅತ್ತೆ ಕರಜಗಿಯ ಕಡೆಯ ಕುರಿ ಸಾಕುವ ಮನೆತನದವರು. ಮೊಣಕಾಲು ನೋವಿನಿಂದ ಎರಡು ವರ್ಷ ಊರಿಗೆ ಹೋಗಿ ಕುಲದೇವರ ಮುಖ ನೋಡಿರಲಿಲ್ಲ. "ಬೀರೋಬಾನ ಮಾರಿ ನೋಡದ ಹೋಗ್ತೀನೇನೊ," ಎನ್ನುವುದೊಂದೇ ಅವರ ಕೊರಗು. ಹಾಗಾಗಿ ಮೈದುನ ಗುಡಿಯಿಂದ ಮೊಬೈಲಿಗೆ ಕಳಿಸಿದ ಫೋಟೊವನ್ನು ಒಂದು ಬೆಳಿಗ್ಗೆ ನಾನೇ ಮಾನಿಟರಿನ ತುಂಬ ಹಾಕಿದೆ. ಭಂಡಾರದ ಅರಿಶಿನಪುಡಿಯಲ್ಲಿ ಮುಳುಗಿದ ಹಳದಿ ಮುಖ, ಎರಡು ಬೆಳ್ಳಿಯ ಕಣ್ಣು. ಅತ್ತೆ ಕೈಮುಗಿದು ಕೂತರು. ಐದು ನಿಮಿಷಕ್ಕೆ ಪರದೆ ಕಪ್ಪಾಯಿತು.

"ಅಯ್ಯ ನಮ್ಮವ್ವಾ! ದೇವರ ಮುಂದ ಕತ್ತಲಿ ಮಾಡಬಾರದವಾ!"

ಚೀಟಿ ಎದುರಿಗೇ ಇತ್ತು. ಆದರೂ ಪರದೆ ಆರದ ಹಾಗೆ ಮಾಡಿಬಿಟ್ಟೆ, ಬೆಳಕನ್ನೂ ಪೂರ್ತಿ ಏರಿಸಿದೆ. ಅಂದಿನಿಂದ ದಿನಾ ಮಧ್ಯಾಹ್ನದವರೆಗೆ ಬೀರೋಬಾ, ಆಮೇಲೆ ನಾನು. ಮಾನಿಟರಿನ ನೆತ್ತಿಗೆ ಭಂಡಾರದ ಬೊಟ್ಟು ಬಿತ್ತು. ನಾನು ಕೆಲಸ ಮುಗಿಸಿ ಎದ್ದದ್ದೇ ತಡ, ಕರೆಂಟು ಸುಮ್ಮನೆ ಖರ್ಚಾಗಬಾರದೆಂದು ಅತ್ತೆ ಗೋಡೆಯ ಸ್ವಿಚ್ಚನ್ನು ತಪ್ಪದೆ ಆರಿಸುತ್ತಿದ್ದರು.

ಯುಗಾದಿಯ ಹೊತ್ತಿಗೆ ಒಂದು ಬಿಳಿ ಚಾದರದ ಕೆಲಸ ಬಂತು. ಖಾಲಿ ಹಾಳೆ ತೆರೆದರೆ ನಡುವೆ ಎರಡು ಮಸುಕು ಕಣ್ಣು. ನನ್ನ ಚಾಳೀಸಿನ ಗಾಜೇ ಕೊಳೆಯಾಗಿದೆಯೆಂದು ಸೆರಗಿನಿಂದ ಒರೆಸಿಕೊಂಡೆ. ಮಾನಿಟರಿನ ಶುದ್ಧಿ ಮಾಡುವ ಗುಂಡಿಯನ್ನು ಎರಡು ಸಲ ಒತ್ತಿ ಗಂಟೆಗಟ್ಟಲೆ ಕಾದೆ. ಕಣ್ಣು ಕದಲಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿದ್ದುದರಿಂದಲೋ ಏನೋ, ಸಿಟ್ಟು ನೆತ್ತಿಗೇರಿತು.

"ಅತ್ತಿ, ಇನ್ನ ಮ್ಯಾಲ ನಿಮ್ಮ ದೇವರು ಪೂಜಿ ಜಗಲಿ ಮ್ಯಾಲೇ ಇರ್ಲಿ. ನನ್ನ ಕೆಲಸದಾಗ ಬ್ಯಾಡ್ರಿ!"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಜಗಲಿ ಮ್ಯಾಲ ಕಾಣಂಗಿಲ್ಲವಾ. ಅಲ್ಲಿ ಬರೇ ಮಂಜ. ಇಲ್ಲಿ ದೊಡ್ಡದಾಗಿ ಬೆಳಕಿನ್ಯಾಗ ಕುಂತಾನ. ಕಣ್ಣ ಕಾಣ್ತಾವು."

ನಾನು ಕುರ್ಚಿ ಬಿಟ್ಟು ಅವರ ಹತ್ತಿರ ನೆಲಕ್ಕೆ ಕೂತೆ. ಜಗಲಿಯ ದೀಪ ಹಚ್ಚುವಾಗ ಬತ್ತಿಯನ್ನು ಬೆರಳಿನಿಂದ ತಡವುತ್ತಿದ್ದರು; ಭಕ್ತಿಗೆ ಅವಸರವಿಲ್ಲ ಎಂದುಕೊಂಡಿದ್ದೆ. ಅವರು ಆರಿಸಿದ ಬೇಳೆಯಲ್ಲಿ ಹರಳು ಉಳಿದರೆ ಗೊಣಗಿದ್ದೆ. ಗಾಜಿನ ಪೆಟ್ಟಿಗೆಯೊಂದು ದಣಿಯಬಾರದೆಂದು ಚೀಟಿ ಬರೆದಿಟ್ಟುಕೊಂಡವಳು ಈ ಕಣ್ಣುಗಳ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ತುಂಬ ನಾಚಿಕೆಯಾಯಿತು.

"ಯಾವಾಗಿಂದ್ರಿ?"

"ಹ್ವಾದ ವರ್ಷದಿಂದ. ಹೇಳಿದ್ರ ಆಪರೇಶನ್ ಅಂತೀರಿ. ನಂಗ ಅಂಜಿಕಿ."

"ಈಗ ನನ್ನ ಮಾರಿನಾದ್ರೂ ಕಾಣ್ತದೇನ್ರಿ?"

ಅತ್ತೆ ಕೈ ಚಾಚಿದರು. ಅದು ಮೊದಲು ನನ್ನ ಕಿವಿಗೆ ತಾಕಿತು, ಆಮೇಲೆ ಕೆನ್ನೆಗೆ ಬಂತು.

"ನಿನ್ನ ಮಾರಿ ಯಾಕ ಬೇಕವಾ," ಎಂದು ನಕ್ಕರು. "ನೀ ಬೈಯೋ ದನಿ ಮನಿ ತುಂಬ ಕೇಳ್ತದಲ್ಲ. ಅದರ ಮ್ಯಾಲ ಗುರ್ತ ಹಿಡೀತೀನಿ."