ಎಡಬಾಗಿಲ ಪಟ್ಟಿ

ಮಳವಳ್ಳಿಯ ರಾಜೇಂದ್ರ ತನ್ನ ಹಳೇ ಅಂಬಾಸಿಡರ್ ಕಾರನ್ನು ಒರೆಸುವಷ್ಟು ಮುತುವರ್ಜಿಯಿಂದ ಸ್ವಂತ ಮುಖವನ್ನೂ ಒರೆಸಿಕೊಂಡವನಲ್ಲ. ಹತ್ತುವವರು ಚಪ್ಪಲಿ ಕೊಡವಬೇಕು, ಒಳಗೆ ಕಡಲೆಕಾಯಿ ತಿನ್ನಕೂಡದು, ನಿದ್ದೆ ಹೋದ ಕೂಸಿಗೆ ಎಚ್ಚರವಾಗದಂತೆ ಬಾಗಿಲು ಮುಚ್ಚಬೇಕು. ಇಂಥ ಕಾರಿನ ಮುಂದಿನ ಎಡಬಾಗಿಲಲ್ಲಿದ್ದ ಹೊಳೆಯುವ ಪಟ್ಟಿಯನ್ನು ದುದ್ದದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಉಜ್ಜಿ ಕಿತ್ತುಹಾಕಿತು. ಹೆಂಡತಿ ಕುಸುಮಳ ತವರಾದ ವೈದ್ಯನಾಥಪುರದಲ್ಲಿ ಅವಳ ಅಣ್ಣನ ಮಗಳ ಮದುವೆ ಹತ್ತಿರವಿತ್ತು. ಮದುವಣಗಿತ್ತಿಯನ್ನು ಛತ್ರಕ್ಕೆ ಕರೆದೊಯ್ಯುವುದು ತನ್ನ ಕಾರೇ ಎಂದು ರಾಜೇಂದ್ರ ಊರಿಗೆಲ್ಲ ಸಾರಿಕೊಂಡಿದ್ದ. ಪಟ್ಟಿಯಿಲ್ಲದೆ ಹೋಗುವುದೆಂದರೆ ಅವನಿಗೆ ಪಂಚೆಯಿಲ್ಲದೆ ಹೋದಂತೆ.

ಗುಜರಿ ಅಂಗಡಿಗಳಲ್ಲಿ ಅಂಥ ಪಟ್ಟಿ ಸಿಗಲಿಲ್ಲ. ಹಳೇ ಕಾಲದ ದಪ್ಪ ಸ್ಟೀಲು ತಂದರೆ ತಾನೇ ಮಾಡಿಕೊಡುವುದಾಗಿ ಮಂಡ್ಯದ ತಗಡು ಕೆಲಸದ ಸಿದ್ದರಾಮು ಹೇಳಿದ. ರಾಜೇಂದ್ರ ಕುಸುಮಳಿಗೆ ಹೇಳದೆ ಅಟ್ಟದ ಮೇಲಿದ್ದ ದೊಡ್ಡ ಹಿಟ್ಟಿನ ಡಬ್ಬ ಇಳಿಸಿ, ಕಾರಿನ ಜೊತೆಗೆ ಅದನ್ನೂ ಒಪ್ಪಿಸಿ ಬಂದ. ಡಬ್ಬದ ಧೂಳನ್ನೂ ಒರೆಸಲಿಲ್ಲ. ಒರೆಸಿಕೊಳ್ಳುವ ಭಾಗ್ಯವೆಲ್ಲ ಕಾರಿಗೆ ಮೀಸಲು.

ಮದುವೆಯ ಹಿಂದಿನ ದಿನ ಹೋಗಿ ನೋಡಿದರೆ ಹೊಸ ಪಟ್ಟಿ ಥಳಥಳಿಸುತ್ತಿತ್ತು. ನಟ್ಟನಡುವೆ, ಪಾತ್ರೆ ಅಂಗಡಿಯವರು ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ: 'ಮಗಳು ಕುಸುಮಳಿಗೆ ತಾಯಿ ಪಟ್ಟಲಮ್ಮನ ಪ್ರೀತಿಯ ಉಡುಗೊರೆ.' ಹೆಸರು ಅಳಿಸದ ಹಾಗೆ ನಾಜೂಕಾಗಿ ಪಾಲಿಶ್ ಹಾಕಿದ್ದೇನೆ, ಅತ್ತೆಯನ್ನು ಇಷ್ಟು ನೆನೆಯುವ ಅಳಿಯನನ್ನು ಕಂಡಿರಲಿಲ್ಲ ಎಂದು ಸಿದ್ದರಾಮು ಮೆಚ್ಚಿಕೊಂಡ.

ಪಟ್ಟಲಮ್ಮ ಬದುಕಿದ್ದಾಗ, ಎಲೆಯಡಿಕೆ ಉಗಿದು ಬಾಗಿಲು ಕೆಡಿಸಿಯಾಳೆಂದು ರಾಜೇಂದ್ರ ಒಮ್ಮೆಯೂ ಅವಳನ್ನು ಕಾರು ಹತ್ತಿಸಿರಲಿಲ್ಲ. ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನವರೆಗೆ ನಡೆಸಿ, ಬಸ್ಸು ಹತ್ತಿಸಿ ಬರುತ್ತಿದ್ದ ಮಹಾನುಭಾವ ಅವನು.

ಮದುವೆಯ ಬೆಳಿಗ್ಗೆ ಕುಸುಮ ಬಾಗಿಲ ಬಳಿ ನಿಂತು ಓದಿದಳು. ಅವ್ವ ಕೊಟ್ಟದ್ದರಲ್ಲಿ ಮನೆಯಲ್ಲಿ ಉಳಿದಿದ್ದದ್ದು ಆ ಡಬ್ಬವೊಂದೇ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಈಗಲೇ ಕೀಳಿಸುತ್ತೇನೆ, ಪಟ್ಟಿಯಿಲ್ಲದೆಯೇ ಹೋಗೋಣ ಎಂದು ರಾಜೇಂದ್ರ ತೊದಲಿದ. ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

"ಬುಡಿ," ಎಂದಳು ಕುಸುಮ. "ಒಂದ್ಸಲ ಈ ಕಾರ್ನಲ್ಲಿ ಕುಂತ್ಕಂಡು ಊರ್ಗೋಗ್ಬೇಕು ಅಂತಿದ್ಲು ನಮ್ಮವ್ವ. ಈಗ್ಲಾದ್ರೂ ಕರ್ಕಂಡೋಗಿ."

ಅವಳು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ಕೈ ಚಾಚಿ, ದಾರಿಯುದ್ದಕ್ಕೂ ಆ ಅಕ್ಷರಗಳ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ರಸ್ತೆಯುಬ್ಬು ಬಂದಲ್ಲೆಲ್ಲ ರಾಜೇಂದ್ರ, ವಯಸ್ಸಾದವರೊಬ್ಬರನ್ನು ಕೂರಿಸಿಕೊಂಡವನಂತೆ, ಕಾರನ್ನು ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ.