ಟೇಬಲ್ ಗಾಜಿನ ಕೆಳಗಿದ್ದ ಸುತ್ತೋಲೆ

ಆ ಸುತ್ತೋಲೆಯನ್ನು ಮುಚ್ಚಿಟ್ಟವನು ನಾನೇ, ಇನಾಸ್. ಅದು ಕಳೆದಿರಲಿಲ್ಲ, ತಡವಾಗಿ ಬಂದಿರಲಿಲ್ಲ, ಇಲಿ ತಿಂದಿರಲಿಲ್ಲ — ನನ್ನ ಟೇಬಲ್ಲಿನ ಗಾಜಿನ ಕೆಳಗೆ, ರಜಾದಿನಗಳ ಪಟ್ಟಿಯ ಅಡಿಯಲ್ಲಿ ಇತ್ತು. ನೀವು ಅರ್ಜಿ ಹಿಡಿದು ಬಂದ ದಿನ ಅದೇ ಗಾಜಿನ ಮೇಲೆ ಮೊಣಕೈ ಊರಿ ನಿಂತಿದ್ದಿರಿ.

'ನೀವು' ಎಂದು ಈಗ ಬರೆಯುತ್ತಿದ್ದೇನೆ. ವಾಹನಗಳ ಕಾಗದಪತ್ರ ನೋಡುವ ಆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ದಿನ ನಿಮ್ಮನ್ನು ಏಕವಚನದಲ್ಲೇ ಕರೆದೆ. ಒಮ್ಮೆಯೂ ಕುರ್ಚಿ ತೋರಿಸಲಿಲ್ಲ.

ಆಗ ಹಳಿಯಾಳ, ಜೋಯಿಡಾ ಕಡೆಯೆಲ್ಲ ಒಂದೇ ಸುದ್ದಿ: ಹದಿನೈದು ವರ್ಷ ದಾಟಿದ ಗಾಡಿಗಳನ್ನೆಲ್ಲ ಸರ್ಕಾರ ಗುಜರಿಗೆ ಹಾಕಿಸುತ್ತದಂತೆ. ಸುತ್ತೋಲೆಯಲ್ಲಿ ಬೇರೆಯೇ ಇತ್ತು, ಅದೂ ಅಚ್ಚ ಕನ್ನಡದಲ್ಲಿ. ಖಾಸಗಿ ಗಾಡಿಗೆ ಕಡ್ಡಾಯವಿಲ್ಲ, ತಪಾಸಣೆಯಲ್ಲಿ ಪಾಸಾದರೆ ನೋಂದಣಿ ನವೀಕರಿಸಿ ಓಡಿಸಬಹುದು. ಕೊನೆಯ ಸಾಲು — ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸತಕ್ಕದ್ದು.

"ಬೋರ್ಡಿಗೆ ಹಚ್ಚಬ್ಯಾಡ್ರಿ. ಹಚ್ಚಿದ್ರ ನಾಳಿಂದ ಮಂದಿ ಬಂದು ತಲಿ ತಿಂತಾರ," ಎಂದರು ಸಾಹೇಬರು. ಅವರ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಎರಡೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು, ಬೋರ್ಡಿನ ಕೀಲಿ ನನ್ನ ಬಳಿಯೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ — ಆ ಹಾಳು ಪೂಜಾರಿ ನಾನು.

ಆಮೇಲೆ ನಿಮ್ಮ ಅರ್ಜಿ ಬಂತು. ಮಾಹಿತಿ ಹಕ್ಕಿನ ಅರ್ಜಿ! ನಮ್ಮ ಕಚೇರಿಯಲ್ಲಿ ಅದನ್ನು ಪ್ರಶ್ನೆ ಎಂದು ಯಾರೂ ಓದುತ್ತಿರಲಿಲ್ಲ, ಬೈಗುಳ ಎಂದೇ ಓದುತ್ತಿದ್ದೆವು. ಹಾಕಿದವನಿಗೆ ಪಾಠ ಕಲಿಸುವ ಪದ್ಧತಿಯೂ ಇತ್ತು: ಅರ್ಜಿಯನ್ನು ಡ್ರಾಯರಿನಲ್ಲಿ ಕೊಳೆಹಾಕಿ, ಮೂವತ್ತನೆಯ ದಿನ ಒಂದು ಸಾಲು ಬರೆದು, ಯಾರು ಸಾಹೇಬರಿದ್ದರೂ ಅವರ ಸಹಿ ಹಾಕಿಸಿ ರಿಜಿಸ್ಟರ್ಡ್ ಅಂಚೆಗೆ ಹಾಕುವುದು. ನೀವು ಕೇಳಿದ್ದು ಒಂದೇ: "ನನ್ನ ಜೀಪು ಗುಜರಿಗೆ ಕೊಡಲೇಬೇಕೋ, ಬೇಡವೋ?" ಗಾಜು ಎತ್ತಿದ್ದರೆ ಸಾಕಿತ್ತು. ಆದರೆ ಕಾಡಂಚಿನ ಸಿದ್ದಿಯೊಬ್ಬ ನನ್ನಿಂದ ಲಿಖಿತ ಉತ್ತರ ಕೇಳುವುದೇ ಎಂಬ ಸೊಕ್ಕು — ಹೌದು, ಸೊಕ್ಕು, ಬೇರೆ ಹೆಸರಿಲ್ಲ ಅದಕ್ಕೆ. ಮೂವತ್ತನೆಯ ದಿನ ಬರೆದೆ: "ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ."

ಆ ಉತ್ತರ ಓದಿ, ಊರ ಸುದ್ದಿಯೇ ನಿಜವಿರಬೇಕು ಎಂದು ನೀವು ಹೆದರಿದಿರಿ. ದಂಡ ಬೀಳುವ ಮೊದಲೇ ಕೊಟ್ಟುಬಿಡೋಣ ಎಂದು ಜೀಪನ್ನು ಗುಜರಿಯವನಿಗೆ ಒಪ್ಪಿಸಿದಿರಿ. ಬಸ್ಸು ಬಾರದ ನಿಮ್ಮೂರಿನಿಂದ ಬಸುರಿಯರನ್ನು, ಜ್ವರದ ಮಕ್ಕಳನ್ನು ಹಳಿಯಾಳದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಆ ಜೀಪೊಂದೇ. ಒಂದು ಮಧ್ಯಾಹ್ನದಲ್ಲಿ ಅದನ್ನು ತುಂಡು ತುಂಡು ಮಾಡಿದರಂತೆ. ನೀವು ಅಲ್ಲೇ ನಿಂತು ನೋಡಿದಿರಂತೆ — ಅದನ್ನು ಕೇಳಿದ ದಿನವೂ ನಾನು ಡಬ್ಬಿ ಬಿಚ್ಚಿ ಹೊಟ್ಟೆತುಂಬ ಉಂಡೆ.

ಕೆಲವು ತಿಂಗಳ ಮೇಲೆ, ನಿಮ್ಮದಕ್ಕಿಂತ ಹಳೆಯ ಜೀಪೊಂದು ತಪಾಸಣೆಯಲ್ಲಿ ಪಾಸಾದದ್ದನ್ನು ಹಳಿಯಾಳದ ಮೆಕ್ಯಾನಿಕ್ ರಫೀಕ್ ನಿಮಗೆ ಹೇಳಿದ. ನೀವು ನೇರ ನನ್ನ ಟೇಬಲ್ಲಿಗೆ ಬಂದಿರಿ. ಕೂಗಾಡಲಿಲ್ಲ. ಕೂಗಾಡಿದ್ದರೆ ಪೊಲೀಸರನ್ನು ಕರೆಯುತ್ತಿದ್ದೆ, ನನಗದು ಸುಲಭವಾಗುತ್ತಿತ್ತು.

"ಸಾಹೇಬ್ರ, ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲೋ ಮಾರಾಯಾ. ನನಗ್ಹೆಂಗ ಗೊತ್ತಿರತೈತಿ?"

ಇಷ್ಟು ಹೇಳಿ ನಕ್ಕೆ ಕೂಡ. ಮೊದಲ ಸುಳ್ಳು ಕಾಗದದ ಮೇಲಿತ್ತು, ಇದನ್ನು ಮುಖ ನೋಡಿ ಹೇಳಿದೆ. ನನ್ನ ಉತ್ತರದ ಮೇಲೆ ನೀವು ಮೇಲ್ಮನವಿ ಹಾಕಿದಿರಿ, ಅದು ಎಲ್ಲೋ ಧೂಳು ತಿನ್ನುತ್ತ ಬಿತ್ತು. ನಿವೃತ್ತಿಯ ದಿನ ಸುತ್ತೋಲೆಯನ್ನು ಹರಿದು ಹಾಕಿದೆ.

ಕಳೆದ ವಾರ ಹಳಿಯಾಳದ ಸಂತೆಯಲ್ಲಿ ನಿಮ್ಮನ್ನು ಕಂಡೆ. ಬೇರೆಯವರ ಟೆಂಪೊದಿಂದ ಮೂಟೆ ಇಳಿಸುತ್ತಿದ್ದಿರಿ. ನನ್ನನ್ನು ನೋಡಿ ತಲೆಯಾಡಿಸಿ, "ಆರಾಮ ಅದೀರಿಲ್ಲೋ ಸಾಹೇಬ್ರ?" ಎಂದಿರಿ. ಎಂಥ ಮನುಷ್ಯರಯ್ಯಾ ನೀವು! ಉಗಿಯಬೇಕಿತ್ತು ನನ್ನ ಮುಖಕ್ಕೆ. ನಾನು ಅಂಬೇವಾಡಿಯ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಮರುದಿನ ಕಚೇರಿಯಿಂದ ಫೋನು. ನೀವು ಅಂದು ಹಾಕಿದ್ದ ಮೇಲ್ಮನವಿ ವರ್ಷಗಳ ಮೇಲೆ ವಿಚಾರಣೆಗೆ ಬಂದಿದೆಯಂತೆ. ನನ್ನ ಜಾಗಕ್ಕೆ ಬಂದ ಗುಮಾಸ್ತ ಮೆಲ್ಲಗೆ ಹೇಳಿದ: "ಸರ್ರ, ಅಂಥಾ ಕಾಗದ ಬಂದ ಇರಲಿಲ್ಲ ಅಂತ ಒಂದು ಮಾತು ಬರದು ಕೊಡ್ರಿ. ಫೈಲ್ ಮುಚ್ಚೂಣು." ಅವನ ದನಿಯಲ್ಲಿ ನನ್ನದೇ ದನಿ ಕೇಳಿ ಮೈ ಉರಿಯಿತು. ಈ ವಿದ್ಯೆ ಕಲಿಸಿದವನು ನಾನೇ ಅಲ್ಲವೇ — ಯಾರನ್ನು ಬೈಯಲಿ?

ಬರೆದು ಕೊಟ್ಟಿಲ್ಲ. ಸೋಮವಾರ ನಾನೇ ವಿಚಾರಣೆಗೆ ಬರುತ್ತೇನೆ. ಕಾಗದ ಬಂದಿತ್ತು, ಮುಚ್ಚಿಟ್ಟೆ, ಸುಳ್ಳು ಉತ್ತರ ಬರೆದೆ, ಕೊನೆಗೆ ಹರಿದೆ ಎಂದು ಎಲ್ಲರೆದುರು ಹೇಳಿ ಸಹಿ ಹಾಕುತ್ತೇನೆ. ಪಿಂಚಣಿಗೆ ಏನಾಗುತ್ತದೋ ಆಗಲಿ, ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕ್ಷಮೆ ಕೇಳಲು ಬರುತ್ತಿಲ್ಲ, ದಯವಿಟ್ಟು ಕೊಡಲೂ ಬೇಡಿ. ನಾನು ಹೇಳಿ ಮುಗಿಸಿ ಹೊರಗೆ ಬರುವ ಹೊತ್ತಿಗೂ, ನಿಮ್ಮೂರಿನ ಯಾವಳೋ ಒಬ್ಬ ಬಸುರಿ ಸೊಂಟ ಹಿಡಿದುಕೊಂಡು ಡಾಂಬರು ರಸ್ತೆಯವರೆಗೆ ನಡೆದೇ ಬರುತ್ತಿರುತ್ತಾಳೆ.