ಎಲ್ಲಮ್ಮನ ಜೊತೆ ಒಡೆದ ಬಳೆಗಳು

ಹೆಂಗಸರಿರುವ ಮನೆಯಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು ಕಣ್ಣು ಬೇಡ, ಕಿವಿ ಸಾಕು. ರೊಟ್ಟಿ ಬಡಿಯುವಾಗ ಬಳೆಗಳು ಒಂದು ಬಗೆಯಾಗಿ ನುಡಿಯುತ್ತವೆ, ಬಾವಿಯಿಂದ ನೀರು ಸೇದುವಾಗ ಇನ್ನೊಂದು ಬಗೆ, ಮಗುವಿನ ಬೆನ್ನು ತಟ್ಟುವಾಗ ಮತ್ತೊಂದು. ಸಿಟ್ಟಿನಲ್ಲಿ ಪಾತ್ರೆ ಕುಕ್ಕುವಾಗಿನ ಸದ್ದಂತೂ ಮನೆಯ ಗಂಡಸರಿಗೆಲ್ಲ ಬಾಯಿಪಾಠ. ಈ ಸದ್ದು ಒಮ್ಮೆಲೇ ನಿಂತುಹೋದ ಮನೆಯಲ್ಲಿ ನೀವು ಎಂದಾದರೂ ಇದ್ದೀರಾ? ನಾನು ಇದ್ದೆ, ವರ್ಷಕ್ಕೆ ಎರಡು ತಿಂಗಳು. ಅವ್ವ ಹಿಂದೆ ಬಂದು ನಿಂತಿದ್ದರೂ ತಿಳಿಯುತ್ತಿರಲಿಲ್ಲ, ತಿರುಗಿದರೆ ಅಲ್ಲಿರುತ್ತಿದ್ದಳು.

ನಮ್ಮದು ಯರಗಟ್ಟಿಯ ಪಕ್ಕದ ಸಣ್ಣ ಊರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಒಂದು ದಿನದ ಗಾಡಿ ಹಾದಿ. ಹೊಸ್ತಿಲ ಹುಣ್ಣಿಮೆಯಂದು ಆ ತಾಯಿಯ ಗಂಡ ಜಮದಗ್ನಿ ಹತನಾಗುತ್ತಾನೆ. ಎರಡು ತಿಂಗಳ ಮೇಲೆ, ಭಾರತ ಹುಣ್ಣಿಮೆಯಂದು, ಮತ್ತೆ ಎದ್ದು ಬರುತ್ತಾನೆ. ಜನ ಮುಚ್ಚುಮರೆಯಿಲ್ಲದೆ ಮೊದಲಿನದನ್ನು ರಂಡಿ ಹುಣ್ಣಿವಿ ಎಂದೂ ಎರಡನೆಯದನ್ನು ಮುತ್ತೈದಿ ಹುಣ್ಣಿವಿ ಎಂದೂ ಕರೆಯುತ್ತಿದ್ದರು. ದೇವಿಗೆ ನಡೆದುಕೊಳ್ಳುವ ನಮ್ಮಂಥ ಮನೆಗಳ ಮುತ್ತೈದೆಯರು ಮೊದಲ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಅವಳ ಜೊತೆ ತಾವೂ ಬಳೆ ಒಡೆದುಕೊಂಡು, ಹಣೆಗೆ ಕುಂಕುಮ ಬಿಟ್ಟು ಭಂಡಾರದ ಅರಿಶಿನ ಹಚ್ಚಿಕೊಂಡು ಬರುತ್ತಿದ್ದರು. ಬೇರೆ ದಿನ ಒಂದು ಬಳೆ ಸೀಳಿದರೂ ‘ಒಡೀತು’ ಅನ್ನಬಾರದು, ‘ಹೆಚ್ಚಿತು’ ಅನ್ನಬೇಕೆಂದು ಗದರುವ ಅದೇ ಹೆಂಗಸರು ಅಂದು ಕಲ್ಲಿಗೆ ಕೈ ಬಡಿದು ಪುಡಿ ಮಾಡುತ್ತಿದ್ದರು. ಅಪ್ಪನಿಗೆ ಇದೊಂದು ಚೇಷ್ಟೆಯ ವಿಷಯ. “ನಾ ಇಲ್ಲಿ ಗುಂಡಕಲ್ಲಿನಂಗ ಅದೇನಿ, ನೀ ಬಳಿ ಒಡಕೊಳ್ಳಾಕ ಹೊಂಟಿಯಲ್ಲ, ಏನ ಹೇಳಬೇಕ ನಿನಗ!” ಎಂದು ಅವ್ವನನ್ನು ಕಾಡುತ್ತಿದ್ದ. ಅವ್ವ ಸೆರಗಿನಲ್ಲಿ ನಗುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಅವ್ವ ಗುಡ್ಡದಿಂದ ಬರಿಗೈಯಲ್ಲಿ ಬಂದಾಗ ಕಾಡಿಸಲು ಅಪ್ಪ ಮನೆಯಲ್ಲಿರಲಿಲ್ಲ. ಬಾಡಿಗೆಯ ಮಾಲು ಹೇರಿಕೊಂಡು ಹುಬ್ಬಳ್ಳಿಗೆ ಗಾಡಿ ಹೊಡೆದಿದ್ದ. ಅಲ್ಲಿ ಪ್ಲೇಗು ಎದ್ದಿದೆಯೆಂಬ ಸುದ್ದಿ ಅವನು ಹೋದ ಮೇಲೆ ನಮ್ಮೂರಿಗೆ ಬಂತು.

ಇಪ್ಪತ್ತು ದಿನ ಕಳೆದಿರಬೇಕು. ಅವ್ವ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಅಪ್ಪನ ಜೊತೆ ಹೋಗಿದ್ದ ಯರಗಟ್ಟಿಯ ಗಾಡಿಯವನೊಬ್ಬ ಬಂದು ಕಟ್ಟೆಯ ಮೇಲೆ ಕುಳಿತ. ಆಯಿ, ಎಂದರೆ ನನ್ನ ಅಪ್ಪನ ತಾಯಿ, ಕೊಟ್ಟ ನೀರನ್ನು ಅವನು ಕುಡಿಯಲಿಲ್ಲ. ನಾನು ಒಳಗೆ ಬಾಗಿಲ ಹಿಂದೆ ಇದ್ದೆ.

“ಹೆಂಗ ಹೇಳಬೇಕ್ರಿ ಆಯಿ... ಬಸಪ್ಪಣ್ಣ ನಮಗ ದಕ್ಕಲಿಲ್ಲ. ಮೂರ ದಿನದಾಗ ಎಲ್ಲಾ ಮುಗೀತ್ರಿ. ನಾವ ಮಣ್ಣ ಮಾಡಿ ಬಂದ್ವಿ.”

ಆಯಿ ಅಳಲಿಲ್ಲ. ತನ್ನ ಬೋಳು ಕೈಗಳನ್ನು ನೋಡಿಕೊಂಡು, “ಯಾರ ಮುಂದೂ ಬಾಯಿ ಬಿಡಬ್ಯಾಡಪಾ. ಭಾರತ ಹುಣ್ಣಿವಿ ಆಗಲಿ, ಆಮ್ಯಾಲೆ ಅವನ ಎತ್ತು ಗಾಡಿ ತಗೊಂಡ ಬಾ” ಎಂದಳು. ಅವನು ಹೋದ ಮೇಲೆ ಒಳಗೆ ಬಂದು ನನ್ನನ್ನು ಕಂಡಳು, ಕಂಡು ದೇವರ ಜಗಲಿಯ ಮೇಲಿದ್ದ ಭಂಡಾರವನ್ನು ಬೆರಳಿನಿಂದ ನನ್ನ ನಾಲಿಗೆಗೆ ಮುಟ್ಟಿಸಿದಳು.

“ಎಲ್ಲಮ್ಮನ ಆಣಿ, ಅವ್ವಗ ಹೇಳಬ್ಯಾಡ. ದೇವಿ ಗಂಡ ಎದ್ದ ಬರೂತನಕ ಯಾರ ಸಾವೂ ಸಾವಲ್ಲ, ಗಂಗಿ. ನಿಮ್ಮವ್ವ ಗುಡ್ಡದಾಗ ಮತ್ತ ಬಳಿ ಇಡಿಸ್ಕೊಳ್ಳಲಿ. ತಾಯಿ ಇಟ್ಟ ಬಳಿ ತಗಿಯೂ ಧೈರ್ಯ ಯಾವ ಯಮಗೈತಿ?”

ಇದನ್ನು ಅವಳು ನಿಜವಾಗಿ ನಂಬಿದ್ದಳೋ, ಹೊಟ್ಟೆಯಲ್ಲಿ ಬೆಂಕಿಯಿಟ್ಟುಕೊಂಡು ಸೊಸೆಗೆ ಇನ್ನೊಂದೇ ಒಂದು ಸಲ ಹಸಿರು ಬಳೆ ಕಾಣಿಸಬೇಕೆಂದು ಹಟ ಹಿಡಿದಿದ್ದಳೋ, ಇಷ್ಟು ವಯಸ್ಸಾದರೂ ನನಗೆ ಬಗೆಹರಿದಿಲ್ಲ. ಆಯಿ ತಾನೇ ಹತ್ತೊಂಬತ್ತಕ್ಕೆ ಬಳೆ ಕಳೆದುಕೊಂಡವಳು. ಒಂದು ಮಾತ್ರ ಹೇಳಬಲ್ಲೆ: ಅಂಥ ಗುಟ್ಟನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಕಾಲವಿರಲಿಲ್ಲ. ನಮ್ಮ ಓಣಿಯಲ್ಲಿ ಹತ್ತಾರು ಹೆಂಗಸರು ಬರಿಗೈಯವರು, ಬರಿ ಹಣೆಯವರು. ಅವರಲ್ಲಿ ದೇವಿಗಾಗಿ ಹಾಗಿದ್ದವರು ಯಾರು, ನಿಜವಾಗಿ ಹಾಗಾದವಳು ಯಾರು ಎಂದು ಹೇಳಲು ಹೊರಗಿನ ಕುರುಹು ಯಾವುದೂ ಇರಲಿಲ್ಲ. ನಾನೊಬ್ಬಳು ಮಾತ್ರ ಬಾವಿಕಟ್ಟೆಯಲ್ಲಿ ಅವರೆಲ್ಲರ ನಡುವೆ ನಗುತ್ತ ನಿಂತ ಅವ್ವನನ್ನು ನೋಡಿ ಮುಖ ತಿರುಗಿಸುತ್ತಿದ್ದೆ.

ಆ ಎರಡರ ನಡುವಿನ ಬನದ ಹುಣ್ಣಿಮೆ ದಾಟಿದ ಮೇಲೆ ಒಂದು ದಿನ ನಾವು ಮೂವರೂ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆವು. ಬಿಸಿಲು ನೆತ್ತಿಗೇರಿತ್ತು, ಓಣಿಯಲ್ಲಿ ನಾಯಿಯೂ ಮಿಸುಕುತ್ತಿರಲಿಲ್ಲ. ಆಗ ಒಳಕೋಣೆಯಲ್ಲಿ ಬಳೆಯ ಸದ್ದಾಯಿತು. ಎರಡು ಕೈ ತುಂಬ ಬಳೆಯಿರುವವಳು ಸೀರೆ ಮಡಚಿಡುವಾಗ ಆಗುತ್ತದಲ್ಲ, ಅಂಥದು, ಗಡಿಬಿಡಿಯಿಲ್ಲದ್ದು. ಮನೆಯಲ್ಲಿ ಬಳೆಯಿದ್ದ ಕೈ ಒಂದೂ ಇರಲಿಲ್ಲ; ನನ್ನವನ್ನೂ ಆಟದಲ್ಲಿ ಕಳೆದುಕೊಂಡಿದ್ದೆ. ಮೂವರ ಕೈಯ ಮೊರಗಳೂ ಒಮ್ಮೆಗೇ ನಿಂತವು.

“ಅತ್ತಿ, ಕೇಳಿಸ್ತೇನ್ರಿ?” ಎಂದಳು ಅವ್ವ.

“ಏನೂ ಇಲ್ಲ. ನೀ ಕೇರು” ಎಂದಳು ಆಯಿ. ಆದರೆ ಅವಳ ಮೊರದ ಕಾಳೆಲ್ಲ ನೆಲಕ್ಕೆ ಚೆಲ್ಲಿತ್ತು. ಆ ಕೋಣೆಗೆ ಹೋಗಿ ನೋಡುವ ಎದೆಗಾರಿಕೆ ಮೂವರಲ್ಲಿ ಒಬ್ಬರಿಗೂ ಆಗಲಿಲ್ಲ. ಅದು ಯಾರ ಬಳೆಯೆಂದು ನೀವೂ ಕೇಳಬೇಡಿ.

ಭಾರತ ಹುಣ್ಣಿಮೆಗೆ ನೆರೆಯವರ ಗಾಡಿಯಲ್ಲಿ ಗುಡ್ಡಕ್ಕೆ ಹೋದೆವು. ಗಾಳಿಯೆಲ್ಲ ಅರಿಶಿನವಾಗಿತ್ತು, ಜೋಗತಿಯರ ಚೌಡಕಿ ನುಡಿಯುತ್ತಿತ್ತು, ಉಧೋ ಉಧೋ ಎಂಬ ಕೂಗು ಕಲ್ಲುಬಂಡೆಗಳಿಗೆ ಬಡಿದು ಯಾರದೋ ಬೇರೆಯವರ ದನಿಯಾಗಿ ಹಿಂದಿರುಗುತ್ತಿತ್ತು. ದೇವಿಗೆ ಹಸಿರು ಬಳೆಯೇರಿತು, ಹೆಂಗಸರು ಬಳೆಗಾರರ ಮುಂದೆ ಸಾಲು ಕುಳಿತರು. ಅವ್ವನ ಸರದಿ ಬಂತು. ಬಳೆಗಾರ ಅವಳ ಕೈ ಹಿಡಿಯಬೇಕು, ಅಷ್ಟರಲ್ಲಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆಯಿಯ ಕಡೆಗೆ ನೋಡಲಿಲ್ಲ, ನನ್ನ ಕಡೆಗೆ ನೋಡಿದಳು.

“ನೀ ಹೇಳ ಗಂಗಿ. ಇಡಿಸ್ಕೊಳ್ಳೇನ?”

ನಾಲಿಗೆಯ ಮೇಲೆ ಭಂಡಾರದ ಕಹಿ ಎದ್ದಂತಾಯಿತು. ಆಯಿಯ ಕೈ ನನ್ನ ಹೆಗಲನ್ನು ಒತ್ತಿತು. ಸುತ್ತಲೂ ಅಷ್ಟು ಹೆಂಗಸರು ಕೈತುಂಬ ಬಳೆಯಿಟ್ಟುಕೊಂಡು ಏಳುತ್ತಿದ್ದರು.

“ಇಡಿಸ್ಕೋ ಅವ್ವಾ” ಎಂದೆ.

ಊರಿಗೆ ಬಂದ ಮೇಲೆ ಮನೆಯ ತುಂಬ ಬಳೆಯದೇ ಸದ್ದು. ಅವ್ವ ಅಪ್ಪನ ಧೋತರ ಒಗೆದು ಒಣಹಾಕಿದಳು, ಊಟಕ್ಕೆ ಅವನ ತಾಟನ್ನೂ ಇಟ್ಟಳು, ಇದ್ದ ಬದ್ದ ಹಾಡನ್ನೆಲ್ಲ ಹಾಡಿದಳು. ಆ ಸದ್ದಿಗಾಗಿ ಅಷ್ಟು ದಿನ ಉಸಿರು ಬಿಗಿಹಿಡಿದಿದ್ದ ಆಯಿ ಈಗ ಪ್ರತಿ ಸಲವೂ ಬೆಚ್ಚಿ ಬೀಳುತ್ತಿದ್ದಳು. ಮೂರನೆಯ ದಿನ ಸಂಜೆಯ ಮುಂದೆ ನಮ್ಮ ಎತ್ತುಗಳು ಬಂದವು. ಗಾಡಿಯ ಮೇಲೆ ಅಪ್ಪನಿರಲಿಲ್ಲ, ಯರಗಟ್ಟಿಯವನಿದ್ದ.

ಬಳೆ ತೆಗೆಯುವ ಕೆಲಸ ವಿಧವೆಯರದು. ನಮ್ಮ ಮನೆಯಲ್ಲಿ ಅದು ಆಯಿಯ ಪಾಲಿಗೆ ಬಂತು. ನಾವು ಮಾಡಿದ್ದೇನೆಂದು ನನಗೆ ಆಗ ಹೊಳೆಯಿತು. ಮೊದಲೇ ಹೇಳಿದ್ದರೆ ಒಡೆಯಲು ಬಳೆಯೇ ಇರುತ್ತಿರಲಿಲ್ಲ. ಅವು ಗುಡ್ಡದ ಮೇಲೆ, ದೇವಿಯ ಜೊತೆ, ಸಾವಿರ ಕೈಗಳ ಜೊತೆ ಆಗಲೇ ಒಡೆದುಹೋಗಿದ್ದವು. ಈ ಸಲ ಅವ್ವ ಒಬ್ಬಳೇ. ಎಲ್ಲಮ್ಮ ಹಸಿರು ಬಳೆಯಿಟ್ಟುಕೊಂಡು ತನ್ನ ಗುಡಿಯಲ್ಲಿ ಕುಳಿತಿದ್ದಳು.

ಇಡಿಸಿಕೊಳ್ಳೆಂದ ಆ ಒಂದು ಮಾತು ನನ್ನನ್ನು ಎಷ್ಟು ತಿಂದಿತೆಂದರೆ, ನನ್ನ ಮದುವೆಯಾಗಿ ಮಕ್ಕಳಾದ ಮೇಲೂ ಅವ್ವನ ಕೈ ನೋಡಲಾಗುತ್ತಿರಲಿಲ್ಲ. ಅವಳು ಹಾಸಿಗೆ ಹಿಡಿದಾಗ ಕೊನೆಗೂ ಕೇಳಿದೆ: “ಅವ್ವಾ, ಅವತ್ತ ನಿನಗ ಗೊತ್ತಿತ್ತೇನ?”

“ನಿಮ್ಮ ಆಯಿ ಅವಾಗ ತಿಂಗಳ ಮ್ಯಾಲಾದ್ರೂ ಮಗನ ಹೆಸರೆತ್ತಿದ್ದಿಲ್ಲ. ತಿಳೀಲಾರದಷ್ಟ ದಡ್ಡಿ ಏನ ನಾ?” ಎಂದಳು.

“ಮತ್ತ ನನ್ನ ಯಾಕ ಕೇಳಿದಿ?”

“ನೀ ಬ್ಯಾಡ ಅಂದಿದ್ರ ನಿಮ್ಮಪ್ಪ ಅವತ್ತ ಸಾಯ್ತಿದ್ದ. ಇಡಿಸ್ಕೋ ಅಂದಿ. ಇನ್ನ ಮೂರ ದಿನ ಮನ್ಯಾಗಿದ್ದ.”

ಹೀಗೆಂದು ಅವ್ವ ತನ್ನ ಒಣಗಿದ ಕೈಯಿಂದ ನನ್ನ ಕೈ ಹಿಡಿದುಕೊಂಡು, ನನ್ನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಮಲಗಿದಳು.